ಉಸಿರಾಟದ ಟ್ಯೂಬ್ ತೆಗೆದ ಮೇಲೆ ನುಂಗುವ ತೊಂದರೆ: ಐಸಿಯು ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ವೆಂಟಿಲೇಟರ್‌ನಿಂದ ಹೊರಬಂದ ರೋಗಿ ಸಾಮಾನ್ಯವಾಗಿ ಮೊದಲು ಕೇಳುವುದು ನೀರನ್ನು. ಆ ಮೊದಲ ಗುಟುಕನ್ನು ಯಾವಾಗ ಕೊಡಬೇಕು, ಯಾರು ಪರೀಕ್ಷಿಸಿ ಕೊಡಬೇಕು, ಕೊಟ್ಟಾಗ ಏನನ್ನು ಗಮನಿಸಬೇಕು ಎಂದು ಕೇಳಿದರೆ ಒಂದೇ ಐಸಿಯುನಲ್ಲಿ ನಾಲ್ಕು ಜನ ನಾಲ್ಕು ಉತ್ತರ ಕೊಡುತ್ತಾರೆ. ನುಂಗುವ ತೊಂದರೆಗೆ ಇರುವ ಡಿಸ್‌ಫೇಜಿಯಾ ಎಂಬ ಹೆಸರು ಎಲ್ಲರಿಗೂ ಗೊತ್ತು. ಪಾರ್ಶ್ವವಾಯು ಆದವರಿಗೆ ನುಂಗಲು ಕಷ್ಟ ಎಂಬುದೂ ಗೊತ್ತು. ಮಿದುಳಿಗೆ ಏನೂ ಆಗದೆ, ಬರೀ ಟ್ಯೂಬ್ ಇದ್ದು ಹೋದ ಕಾರಣಕ್ಕೇ ನುಂಗುವುದು ಕೆಡಬಹುದು ಎಂಬಲ್ಲಿ ತಿಳಿವಳಿಕೆ ತೆಳುವಾಗುತ್ತದೆ. ನರ್ಸ್‌ಗಳು, ಕಿರಿಯ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ತರಬೇತಿಯ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನಿಮ್ಮ ಆಸ್ಪತ್ರೆಯಲ್ಲಿ ಬರೆದಿಟ್ಟ ನಿಯಮಾವಳಿ ಇದ್ದರೆ ಅದನ್ನೇ ಅನುಸರಿಸಿ.

ಟ್ಯೂಬ್ ತೆಗೆದು ಸ್ವಲ್ಪ ಹೊತ್ತಾಯಿತು, ರೋಗಿ ಚೆನ್ನಾಗಿ ಮಾತಾಡುತ್ತಿದ್ದಾರೆ. ಇನ್ನು ನೀರು ಕೊಡಬಹುದಲ್ಲ?

ಮಾತು ಬಂದಿದೆ ಎಂದರೆ ಧ್ವನಿತಂತುಗಳ ನಡುವೆ ಗಾಳಿ ಹಾಯುತ್ತಿದೆ, ಅವು ಅದುರುತ್ತಿವೆ ಎಂದಷ್ಟೇ ಅರ್ಥ. ನುಂಗುವಾಗ ಆಗಬೇಕಾದ ಕೆಲಸ ಇದಕ್ಕಿಂತ ಬಹಳ ದೊಡ್ಡದು. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯಬೇಕು, ಅದರ ಮುಚ್ಚಳದಂತಿರುವ ಎಪಿಗ್ಲಾಟಿಸ್ ಬಾಗಬೇಕು, ಧ್ವನಿತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳಬೇಕು, ಅನ್ನನಾಳದ ಮೇಲ್ಬಾಯಿ ಸಡಿಲವಾಗಬೇಕು, ಅಷ್ಟೂ ಹೊತ್ತು ಉಸಿರು ನಿಂತಿರಬೇಕು. ಗಂಟಲಿನ ಹಂತದ ಇದೆಲ್ಲ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ನುಂಗುವ ಕ್ರಿಯೆಯಲ್ಲಿ 30ಕ್ಕೂ ಹೆಚ್ಚು ಸ್ನಾಯುಗಳೂ 5 ಜೋಡಿ ಕಪಾಲ ನರಗಳೂ ಒಟ್ಟಿಗೆ ದುಡಿಯುತ್ತವೆ. ಇದರಲ್ಲಿ ಎಲ್ಲೋ ಒಂದು ಕಡೆ ಅರ್ಧ ಸೆಕೆಂಡು ತಡವಾದರೂ ನೀರು ಶ್ವಾಸನಾಳದ ಕಡೆ ಜಾರಬಹುದು.

ಆದ್ದರಿಂದ ಮೊದಲು ತಪಾಸಣೆ, ಆಮೇಲೆ ನೀರು. ಹಾಗೆಂದು ಮಾತನ್ನು ಕಡೆಗಣಿಸಬೇಡಿ, ಕಿವಿಗೊಟ್ಟು ಕೇಳಿ. ದನಿ ಗೊಗ್ಗರಾಗಿದೆಯೇ, ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಎನ್ನುತ್ತಿದೆಯೇ, ಉಸಿರು ಸೋರಿದಂತೆ ಪಿಸುಗುಟ್ಟುತ್ತಿದೆಯೇ? ಇವು ಮೂರೂ ಎಚ್ಚರಿಕೆಯ ಗುರುತುಗಳು. ಉಸಿರೆಳೆಯುವಾಗ ಕೀರಲು ಸದ್ದು ಬಂದರೆ ವಿಷಯವೇ ಬೇರೆ. ಅದು ಸ್ಟ್ರೈಡರ್. ನುಂಗುವ ಪರೀಕ್ಷೆಯ ಮಾತೇ ಬೇಡ, ತಕ್ಷಣ ವೈದ್ಯರನ್ನು ಕರೆಯಿರಿ.

ಇದು ಎಷ್ಟು ಜನರಿಗೆ ಆಗುತ್ತದೆ?

2010ರಲ್ಲಿ ಬಂದ ಒಂದು ವ್ಯವಸ್ಥಿತ ವಿಮರ್ಶೆ ಶೇ. 3ರಿಂದ ಶೇ. 62ರವರೆಗೆ ಎಂದಿತು. ಅಂಕಿ ಇಷ್ಟು ಹಿಗ್ಗಲು ಕಾರಣವಿದೆ: ಒಂದು ಅಧ್ಯಯನ ಎಲ್ಲರನ್ನೂ ಪರೀಕ್ಷಿಸುತ್ತದೆ, ಇನ್ನೊಂದು ಅನುಮಾನ ಬಂದವರನ್ನು ಮಾತ್ರ. ಒಂದರಲ್ಲಿ ನೀರು ಕುಡಿಸಿ ನೋಡುತ್ತಾರೆ, ಇನ್ನೊಂದರಲ್ಲಿ ಕ್ಯಾಮೆರಾ ಹಾಕಿ ನೋಡುತ್ತಾರೆ. ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿದ 2020ರ ಒಂದು ಮೆಟಾ ವಿಶ್ಲೇಷಣೆಯಲ್ಲಿ ಶೇ. 41 ಎಂದು ಬಂತು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಟ್ಯೂಬ್ ತೆಗೆದ ರೋಗಿಗಳನ್ನೆಲ್ಲ ಸಾಲಾಗಿ ತಪಾಸಣೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕಿದ್ದು ಶೇ. 12.4. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಸ್ಪತ್ರೆಯಿಂದ ಹೊರಡುವ ಹೊತ್ತಿಗೂ ತೊಂದರೆ ಉಳಿದಿತ್ತು. ನುಂಗುವ ತೊಂದರೆ ಇದ್ದವರಲ್ಲಿ 90 ದಿನಗಳೊಳಗಿನ ಸಾವೂ ಹೆಚ್ಚಿತ್ತು. ಸಾವಿಗೆ ನುಂಗುವ ತೊಂದರೆಯೇ ಕಾರಣ ಎಂದು ಇದರಿಂದ ಹೇಳಲಾಗುವುದಿಲ್ಲ, ತೀರಾ ನಿತ್ರಾಣರಾದವರಲ್ಲಿ ಎರಡೂ ಒಟ್ಟಿಗೆ ಬರಬಹುದು. ಆದರೂ ನಿರ್ಲಕ್ಷಿಸುವ ಸಂಗತಿಯಂತೂ ಅಲ್ಲ.

ತರಬೇತಿಯಲ್ಲಿ ನಾನು ಕಡಿಮೆ ಅಂಕಿಯನ್ನೇ ಹೇಳುತ್ತೇನೆ. ಎಂಟು ಮಂದಿಯಲ್ಲಿ ಒಬ್ಬರು ಎಂದುಕೊಂಡರೂ ಒಂದು ಸಾಧಾರಣ ಐಸಿಯುನಲ್ಲಿ ಅಂಥವರು ಸದಾ ಯಾರಾದರೊಬ್ಬರು ಇದ್ದೇ ಇರುತ್ತಾರೆ.

ಟ್ಯೂಬ್ ಇದ್ದದ್ದು ಉಸಿರಿನ ದಾರಿಯಲ್ಲಿ. ನುಂಗುವುದು ಯಾಕೆ ಕೆಡಬೇಕು?

ಎರಡಕ್ಕೂ ಗಂಟಲು ಒಂದೇ ಆದ್ದರಿಂದ. ಬಾಯಿಂದ ಇಳಿದ ಟ್ಯೂಬ್ ನಾಲಿಗೆಯ ಬುಡವನ್ನು ಒತ್ತುತ್ತದೆ, ಧ್ವನಿತಂತುಗಳ ನಡುವೆ ತೂರಿ ಅಲ್ಲೇ ದಿನಗಟ್ಟಲೆ ಕೂರುತ್ತದೆ. ಅಲ್ಲಿನ ಒಳಪೊರೆ ಊದಿಕೊಳ್ಳುತ್ತದೆ, ಹುಣ್ಣಾಗುತ್ತದೆ, ಕೆಲವರಲ್ಲಿ ಗಂಟು ಬೆಳೆಯುತ್ತದೆ. ಕಫ್, ಅಂದರೆ ಟ್ಯೂಬಿನ ತುದಿಯ ಬಲೂನು, ಸರಿಯಾದ ಜಾಗದಿಂದ ಮೇಲೆ ಉಳಿದರೆ ಧ್ವನಿತಂತುಗಳಿಗೆ ಹೋಗುವ ನರವನ್ನು ಒತ್ತಿ ಒಂದು ತಂತು ಚಲಿಸದಂತೆ ಮಾಡಬಲ್ಲದು. ಕಫ್ ಒತ್ತಡವನ್ನು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿ ಇಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಕಣ್ಣಿಗೆ ಕಾಣುವ ಗಾಯ ಇಷ್ಟು. ಕಾಣದ್ದು ಇನ್ನೂ ಇದೆ. ದಿನಗಟ್ಟಲೆ ನುಂಗದೆ ಇದ್ದ ಸ್ನಾಯುಗಳು ಸೊರಗುತ್ತವೆ. ಗಂಭೀರ ಕಾಯಿಲೆಯಲ್ಲಿ ಕೈಕಾಲಿನ ಶಕ್ತಿ ಹೋಗುತ್ತದೆಂದು ನಾವು ನೋಡುತ್ತೇವೆ, ಗಂಟಲಿನ ಸ್ನಾಯುವೂ ಅದೇ ದೇಹದ್ದು ಎಂಬುದು ಮರೆತುಹೋಗುತ್ತದೆ. ಟ್ಯೂಬ್ ಸದಾ ತಾಗುತ್ತಿದ್ದ ಜಾಗದಲ್ಲಿ ಸ್ಪರ್ಶದ ಅರಿವು ಮಂದವಾಗುತ್ತದೆ, ಹಾಗಾಗಿ ನೀರು ಹಾದಿ ತಪ್ಪಿದರೂ ಗಂಟಲಿಗೆ ಗೊತ್ತಾಗುವುದಿಲ್ಲ. ನಿದ್ರೆಯ ಔಷಧದ ಮಂಪರು, ಐಸಿಯು ಡೆಲಿರಿಯಂ ಎಂಬ ಮನಸ್ಸಿನ ಗೊಂದಲ ಇದ್ದರೆ ತುತ್ತು ಬಾಯಲ್ಲೇ ಉಳಿಯುತ್ತದೆ. ಹೊಟ್ಟೆಯಿಂದ ಮೇಲೇರುವ ಆಮ್ಲ ಮೊದಲೇ ಕೆರಳಿದ ಗಂಟಲನ್ನು ಇನ್ನಷ್ಟು ಕೆರಳಿಸುತ್ತದೆ.

ಇಷ್ಟೆಲ್ಲದರ ನಡುವೆ ಸಿಬ್ಬಂದಿಯ ಗಮನಕ್ಕೆ ತೀರಾ ಕಡಿಮೆ ಬರುವುದು ಉಸಿರು ಮತ್ತು ನುಂಗುವಿಕೆಯ ತಾಳಮೇಳ. ಆರೋಗ್ಯವಂತರು ಹೆಚ್ಚಾಗಿ ಉಸಿರು ಬಿಡುತ್ತ ನಡುವೆ ನುಂಗುತ್ತಾರೆ, ನುಂಗಿದ ಮೇಲೂ ಉಸಿರು ಬಿಡುತ್ತಾರೆ. ಹಾಗಾಗಿ ಗಂಟಲಲ್ಲಿ ಏನಾದರೂ ಉಳಿದಿದ್ದರೆ ಗಾಳಿ ಅದನ್ನು ಹೊರಗೆ ತಳ್ಳುತ್ತದೆ. ನಿಮಿಷಕ್ಕೆ 30 ಸಲ ಏದುಸಿರು ಬಿಡುತ್ತಿರುವವರಿಗೆ ಉಸಿರನ್ನು ಆ ಒಂದು ಸೆಕೆಂಡು ಹಿಡಿಯುವುದೇ ಕಷ್ಟ. ನುಂಗಿದ ಮರುಕ್ಷಣ ಉಸಿರು ಒಳಗೆ ಎಳೆದುಕೊಂಡರೆ ಉಳಿದದ್ದೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಉಸಿರಾಟದ ವೇಗ ನೋಡದೆ ಲೋಟ ಎತ್ತಬೇಡಿ.

ಯಾರ ಮೇಲೆ ಹೆಚ್ಚು ಕಣ್ಣಿಡಬೇಕು?

48 ಗಂಟೆಗಿಂತ ಹೆಚ್ಚು ಹೊತ್ತು ಟ್ಯೂಬ್ ಇದ್ದವರೆಲ್ಲರ ಮೇಲೆ. ಅದಕ್ಕಿಂತ ಕಡಿಮೆ ಇದ್ದರೂ, ಟ್ಯೂಬ್ ಹಾಕುವಾಗ ಒದ್ದಾಟವಾಗಿದ್ದರೆ, ಮತ್ತೆ ಮತ್ತೆ ಹಾಕಬೇಕಾಗಿ ಬಂದಿದ್ದರೆ, ರೋಗಿ ತಾವೇ ಕಿತ್ತುಕೊಂಡಿದ್ದರೆ ಅವರನ್ನೂ ಸೇರಿಸಿ. ವಯಸ್ಸಾದವರು, ನರರೋಗ ಇದ್ದವರು, ತಲೆ ಅಥವಾ ಕುತ್ತಿಗೆಯ ಶಸ್ತ್ರಚಿಕಿತ್ಸೆ ಆದವರು, ಹೃದಯ ಶಸ್ತ್ರಚಿಕಿತ್ಸೆ ಆದವರು, ಮೊದಲೇ ನುಂಗಲು ಕಷ್ಟವಿದ್ದವರು ಈ ಪಟ್ಟಿಯಲ್ಲಿ ಬರುತ್ತಾರೆ. 8 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಟ್ಯೂಬ್‌ಗೂ ಆಸ್ಪಿರೇಷನ್‌ಗೂ, ಅಂದರೆ ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವುದಕ್ಕೂ, ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ. ಕೋವಿಡ್ ಕಾಲದಲ್ಲಿ ವಾರಗಟ್ಟಲೆ ವೆಂಟಿಲೇಟರ್‌ನಲ್ಲಿ ಇದ್ದು ಬಂದವರನ್ನು ನೋಡಿದ ಮೇಲಾದರೂ ಈ ವಿಷಯ ಎಲ್ಲ ಐಸಿಯುಗಳ ಚಾರ್ಟಿಗೆ ಬರಬೇಕಿತ್ತು. ಎಲ್ಲ ಕಡೆ ಬಂದಿಲ್ಲ.

ನೀರು ಕೊಟ್ಟೆವು, ಕೆಮ್ಮಲಿಲ್ಲ. ಹಾಗಾದರೆ ಸುರಕ್ಷಿತ ಅಲ್ಲವೇ?

ಇಡೀ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

ನೀರು ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಆ ಅನುಭವವನ್ನೇ ಐಸಿಯುಗೆ ತಂದು ‘ಕೆಮ್ಮಿಲ್ಲ, ಆದ್ದರಿಂದ ತೊಂದರೆ ಇಲ್ಲ’ ಎಂದುಕೊಳ್ಳುತ್ತೇವೆ. ಟ್ಯೂಬ್ ಇದ್ದ ಗಂಟಲಿಗೆ ಈ ಲೆಕ್ಕ ಹೊಂದುವುದಿಲ್ಲ. ಸ್ಪರ್ಶವೇ ಮಂದವಾಗಿರುವಾಗ ಕೆಮ್ಮು ಹುಟ್ಟುವುದಾದರೂ ಹೇಗೆ? ನೀರು ಧ್ವನಿತಂತುಗಳನ್ನು ದಾಟಿ ಶ್ವಾಸನಾಳಕ್ಕೆ ಇಳಿದರೂ ರೋಗಿ ಸುಮ್ಮನೆ ಮಲಗಿರುತ್ತಾರೆ. ಇದನ್ನು ಸದ್ದಿಲ್ಲದ ಆಸ್ಪಿರೇಷನ್ ಎನ್ನುತ್ತಾರೆ. 1996ರಲ್ಲಿ ರೂಪಿಸಿದ, ಈಗಲೂ ಬಳಕೆಯಲ್ಲಿರುವ 8 ಅಂಕಗಳ ಆಸ್ಪಿರೇಷನ್ ಅಳತೆಗೋಲಿನಲ್ಲಿ ಅತ್ಯಂತ ಕೆಟ್ಟ ಅಂಕವಾದ 8 ಇದಕ್ಕೇ ಮೀಸಲು: ಒಳಗೆ ಇಳಿಯಿತು, ಹೊರಹಾಕುವ ಪ್ರಯತ್ನವೇ ಇಲ್ಲ.

ಹಾಸಿಗೆ ಪಕ್ಕ ನಿಂತು ಇದನ್ನು ಕಣ್ಣಿನಿಂದ ಹಿಡಿಯಲಾಗದು. ಆದರೆ ಸುಳಿವುಗಳಿರುತ್ತವೆ. ಕುಡಿದ ಮೇಲೆ ‘ಆ…’ ಎನ್ನಿಸಿ, ದನಿ ಮೊದಲಿಗಿಂತ ಒದ್ದೆಯಾಗಿದೆಯೇ ಕೇಳಿ. ಒಂದು ಗುಟುಕಿಗೆ ಮೂರು ನಾಲ್ಕು ಸಲ ನುಂಗುತ್ತಿದ್ದಾರೆಯೇ, ಉಸಿರಾಟದ ವೇಗ ಏರಿತೇ, ಜೊಲ್ಲು ಸೋರುತ್ತಿದೆಯೇ, ಕಫ ಹೀರಿ ತೆಗೆಯುವ ಸಕ್ಷನ್ ಸರದಿ ಹೆಚ್ಚಾಯಿತೇ, ಸಂಜೆಗೆ ಜ್ವರ ಬಂತೇ ಎಂದು ಗಮನಿಸಿ. ಊಟ ಆರಂಭಿಸಿದ ಮರುದಿನ ಎದೆಯಲ್ಲಿ ಹೊಸದಾಗಿ ಗೊರಗೊರ ಶುರುವಾದರೆ ಆಂಟಿಬಯಾಟಿಕ್ ಬದಲಿಸುವ ಯೋಚನೆಯ ಜೊತೆಗೆ ‘ಬಾಯಿಂದ ಏನು ಹೋಗಿದೆ?’ ಎಂಬ ಪ್ರಶ್ನೆಯೂ ರೌಂಡ್ಸ್‌ನಲ್ಲಿ ಬರಬೇಕು.

ಗ್ಯಾಗ್ ರಿಫ್ಲೆಕ್ಸ್ ಇದೆ. ಸಾಲದೇ?

ಸಾಲದು. ಗ್ಯಾಗ್, ಅಂದರೆ ಗಂಟಲಿನ ಹಿಂಭಾಗ ಮುಟ್ಟಿದಾಗ ಬರುವ ಓಕರಿಕೆ, ಇದ್ದವರೂ ಆಸ್ಪಿರೇಟ್ ಮಾಡುತ್ತಾರೆ, ಗ್ಯಾಗ್ ಇಲ್ಲದ ಎಷ್ಟೋ ಆರೋಗ್ಯವಂತರು ಚೆನ್ನಾಗಿ ಊಟ ಮಾಡುತ್ತಾರೆ. ಆ ಪರೀಕ್ಷೆಯನ್ನು ನುಂಗುವ ತೀರ್ಮಾನಕ್ಕೆ ಬಳಸುವುದನ್ನು ಬಿಟ್ಟುಬಿಡಿ.

ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಇಳಿಯಲಿಲ್ಲವಲ್ಲ?

ಆಸ್ಪಿರೇಷನ್ ಆದಾಗಲೆಲ್ಲ ಸ್ಯಾಚುರೇಷನ್ ಇಳಿಯುವುದಿಲ್ಲ, ಇಳಿದಾಗಲೆಲ್ಲ ಕಾರಣ ಆಸ್ಪಿರೇಷನ್ ಆಗಿರುವುದಿಲ್ಲ. ಇಳಿದರೆ ನಿಲ್ಲಿಸಿ. ಇಳಿಯದಿದ್ದರೆ ಅದನ್ನೇ ಸರ್ಟಿಫಿಕೇಟ್ ಎಂದುಕೊಳ್ಳಬೇಡಿ.

ಹಾಸಿಗೆ ಪಕ್ಕದಲ್ಲೇ ನರ್ಸ್ ಮಾಡಬಹುದಾದ ಪರೀಕ್ಷೆ ಯಾವುದು?

ಹೆಚ್ಚು ಬಳಕೆಯಲ್ಲಿರುವುದು ನೀರಿನ ಪರೀಕ್ಷೆ. ಯೇಲ್ ಸ್ವಾಲೋ ಪ್ರೋಟೋಕಾಲ್ ಎಂಬುದು ಅದರ ಕ್ರಮಬದ್ಧ ರೂಪ. ಮೊದಲು ರೋಗಿಯ ಹೆಸರು, ಈಗ ಎಲ್ಲಿದ್ದಾರೆ, ಯಾವ ವರ್ಷ ಎಂದು ಕೇಳುತ್ತಾರೆ. ತುಟಿ ಮುಚ್ಚಲು, ನಾಲಿಗೆ ಆಡಿಸಲು ಬರುತ್ತದೆಯೇ, ನಗುವಾಗ ಮುಖ ಎರಡೂ ಕಡೆ ಸಮನಾಗಿದೆಯೇ ನೋಡುತ್ತಾರೆ. ಆಮೇಲೆ ನೆಟ್ಟಗೆ ಕೂರಿಸಿ 90 ಮಿಲಿಲೀಟರ್ ನೀರನ್ನು ನಡುವೆ ನಿಲ್ಲಿಸದೆ ಕುಡಿಯಲು ಹೇಳುತ್ತಾರೆ. ಲೋಟದಿಂದ ಆಗಬಹುದು, ಸ್ಟ್ರಾದಿಂದಲೂ ಆಗಬಹುದು. ನಡುವೆ ನಿಲ್ಲಿಸಿದರೆ, ಮುಗಿಸಲಾಗದಿದ್ದರೆ, ಕುಡಿಯುವಾಗ ಅಥವಾ ಕುಡಿದ ಕೂಡಲೇ ಕೆಮ್ಮಿದರೆ ಫೇಲ್.

‘ಒಂದು ಚಮಚದಿಂದ ಶುರು ಮಾಡುವುದು ಒಳ್ಳೆಯದಲ್ಲವೇ, ಒಮ್ಮೆಲೇ 90 ಮಿಲಿ ಯಾಕೆ?’ ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಒಂದು ಚಮಚ ನೀರು ಸದ್ದಿಲ್ಲದೆ ಒಳಗೆ ಇಳಿದುಬಿಡಬಹುದು. ಹೆಚ್ಚು ನೀರು ಒಂದೇ ಸಮನೆ ಹರಿದಾಗ ಮಂದವಾದ ಗಂಟಲೂ ಎಚ್ಚೆತ್ತು ಕೆಮ್ಮುವ ಸಂಭವ ಹೆಚ್ಚು. ಅದಕ್ಕೇ ಈ ಪರೀಕ್ಷೆ ತೊಂದರೆ ಇರುವವರನ್ನು ಅಷ್ಟು ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಇಲ್ಲದ ಕೆಲವರನ್ನೂ ಫೇಲ್ ಮಾಡುವುದು ಅದರ ದೌರ್ಬಲ್ಯ.

ಎಲ್ಲರಿಗೂ ಇದನ್ನು ಮಾಡುವಂತಿಲ್ಲ. ಎಚ್ಚರವಾಗಿ ಇರಲಾರದವರು, ತಲೆಭಾಗ 30 ಡಿಗ್ರಿಗೂ ಎತ್ತಬಾರದೆಂದು ಹೇಳಲಾದವರು, ಟ್ರಾಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಹಾಕಿದ ಕೊಳವೆ) ಇದ್ದವರು, ನುಂಗುವ ತೊಂದರೆಯಿಂದ ಮೊದಲೇ ಬೇರೆ ಹದದ ಆಹಾರದಲ್ಲಿದ್ದವರು, ಬಾಯಿಂದ ಏನೂ ಕೊಡಬಾರದೆಂದು ವೈದ್ಯರು ಬರೆದವರು ಇದರಿಂದ ಹೊರಗೆ. ತಲೆ ವಾಲುವಷ್ಟು ಮಂಪರಿನಲ್ಲಿರುವವರಿಗೆ ‘ಒಂದು ಸಲ ನೋಡೇಬಿಡೋಣ’ ಎಂದು ನೀರು ಹಿಡಿಯುವುದು ಪರೀಕ್ಷೆಯಾಗುವುದಿಲ್ಲ.

ಇನ್ನೊಂದು ವಿಧಾನ ಗಸ್. 2007ರಲ್ಲಿ ಪಾರ್ಶ್ವವಾಯು ರೋಗಿಗಳಿಗೆಂದು ಪ್ರಕಟವಾದದ್ದು. ಮೊದಲು ಉಗುಳು ನುಂಗುವುದನ್ನು ನೋಡಿ, ಆಮೇಲೆ ಅರೆಗಟ್ಟಿ, ನೀರು, ಗಟ್ಟಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಒಟ್ಟು ಅಂಕ 20. ಸಮಯ ಹೆಚ್ಚು ಬೇಕು, ಆದರೆ ಯಾವ ಹದದ ಆಹಾರ ಆಗಬಹುದೆಂಬ ಅಂದಾಜೂ ಸಿಗುತ್ತದೆ. ನನ್ನ ಮಟ್ಟಿಗೆ, ಯಾವುದನ್ನು ಆರಿಸಿದಿರಿ ಎಂಬುದಕ್ಕಿಂತ ಇಡೀ ಘಟಕ ಒಂದನ್ನೇ ಬಳಸುವುದು ಮುಖ್ಯ. ಬೆಳಗಿನ ಶಿಫ್ಟಿಗೊಂದು, ರಾತ್ರಿ ಶಿಫ್ಟಿಗೊಂದು ಪರೀಕ್ಷೆ ನಡೆದರೆ ಫಲಿತಾಂಶಗಳನ್ನು ಹೋಲಿಸಲಾಗದು.

ಟ್ಯೂಬ್ ತೆಗೆದು ಎಷ್ಟು ಗಂಟೆ ಕಾಯಬೇಕು? ಕೆಲವರು ನಾಲ್ಕು ಎನ್ನುತ್ತಾರೆ, ಕೆಲವರು ಇಪ್ಪತ್ನಾಲ್ಕು.

ಇಷ್ಟೇ ಗಂಟೆ ಎಂದು ಎಲ್ಲರೂ ಒಪ್ಪಿದ ಲೆಕ್ಕ ಇಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಊತ ಹೆಚ್ಚು, ಮಂಪರು ಹೆಚ್ಚು, ಮತ್ತೆ ಟ್ಯೂಬ್ ಹಾಕಬೇಕಾಗಿ ಬರುವ ಸಾಧ್ಯತೆಯೂ ಹೆಚ್ಚು. ಹಾಗೆಂದು ಎಲ್ಲರನ್ನೂ ಒಂದು ದಿನ ಬಾಯಾರಿಸಿ ಕೂರಿಸುವುದೂ ಸರಿಯಲ್ಲ, ಒಂದು ಗಂಟೆಯಲ್ಲೇ ನೀರಿನ ಪರೀಕ್ಷೆ ದಾಟುವವರು ಬೇಕಾದಷ್ಟು ಜನ ಇದ್ದಾರೆ. ಗಡಿಯಾರಕ್ಕಿಂತ ರೋಗಿಯನ್ನು ನೋಡಿ: ಎಚ್ಚರವಿದೆಯೇ, ಕೂರಬಲ್ಲರೇ, ಉಸಿರು ನಿಧಾನಕ್ಕೆ ಬಂದಿದೆಯೇ, ಬೇಕೆಂದಾಗ ಕೆಮ್ಮಬಲ್ಲರೇ, ತಮ್ಮ ಉಗುಳನ್ನು ತಾವೇ ನುಂಗುತ್ತಿದ್ದಾರೆಯೇ? ಐದಕ್ಕೂ ಹೌದು ಎಂದಾದರೆ ಪರೀಕ್ಷೆ ಮಾಡಿ. ಬಹಳ ದಿನ ಟ್ಯೂಬ್ ಇದ್ದವರಲ್ಲಿ ಅವಸರ ಬೇಡ. ಇವತ್ತು ಫೇಲ್ ಆದವರು ನಾಳೆ ಪಾಸಾಗುವುದು ಸಾಮಾನ್ಯ, ಆದ್ದರಿಂದ ಮರುಪರೀಕ್ಷೆಯ ಸಮಯವನ್ನೂ ಆಗಲೇ ಬರೆದುಬಿಡಿ.

ಫೇಲ್ ಆದರೆ ಮುಂದೇನು?

ಬಾಯಿಂದ ಏನೂ ಬೇಡ, ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್‌ಗೆ ಕರೆ. ಅವರು ಹಾಸಿಗೆ ಪಕ್ಕ ವಿವರವಾಗಿ ನೋಡಿ, ಬೇಕೆನಿಸಿದರೆ ಉಪಕರಣದ ಪರೀಕ್ಷೆ ಕೇಳುತ್ತಾರೆ. ಎಕ್ಸ್‌ರೇ ಅಡಿಯಲ್ಲಿ ಬೇರಿಯಂ ಬೆರೆಸಿದ ಆಹಾರ ನುಂಗಿಸಿ ವಿಡಿಯೋ ತೆಗೆಯುವುದು ಒಂದು ಬಗೆ, ಅದಕ್ಕೆ ರೋಗಿಯನ್ನು ಎಕ್ಸ್‌ರೇ ಕೋಣೆಗೆ ಒಯ್ಯಬೇಕು. 1988ರಲ್ಲಿ ಮೊದಲು ವಿವರಿಸಲಾದ ಫೀಸ್ ಎಂಬ ಪರೀಕ್ಷೆಯಲ್ಲಿ ಸಣ್ಣ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದ ಇಳಿಸಿ, ಹಾಸಿಗೆಯಲ್ಲೇ, ನುಂಗುವಾಗ ಗಂಟಲನ್ನು ನೇರವಾಗಿ ನೋಡಬಹುದು. ಧ್ವನಿತಂತುಗಳ ಊತ, ಹುಣ್ಣು, ನಿಂತ ಜೊಲ್ಲು ಎಲ್ಲ ಕಾಣುತ್ತದೆ. ಐಸಿಯುಗೆ ಇದೇ ಹೆಚ್ಚು ಅನುಕೂಲ. ಸದ್ದಿಲ್ಲದ ಆಸ್ಪಿರೇಷನ್ ಖಚಿತವಾಗಿ ಗೊತ್ತಾಗುವುದು ಈ ಎರಡು ಪರೀಕ್ಷೆಗಳಿಂದಲೇ.

ರೈಲ್ಸ್ ಟ್ಯೂಬ್ ಇದೆಯಲ್ಲ, ಆಸ್ಪಿರೇಷನ್ ಆಗುವುದಿಲ್ಲ ಅಲ್ಲವೇ?

ಆಗುತ್ತದೆ. ಮೂಗಿನಿಂದ ಹೊಟ್ಟೆಗೆ ಇಳಿಸಿದ ಈ ಕೊಳವೆ ಇದ್ದರೆ ಆಹಾರ ಬಾಯಿಯಿಂದ ಹೋಗುವುದು ತಪ್ಪುತ್ತದೆ, ಉಗುಳು ಹೋಗುವುದು ತಪ್ಪುವುದಿಲ್ಲ. ಹೊಟ್ಟೆಯಿಂದ ಮೇಲೇರುವುದೂ ತಪ್ಪುವುದಿಲ್ಲ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿಡುವ ನಿಯಮ ಇವರಿಗೂ ಇದೆ.

ಮಾತ್ರೆಗಳನ್ನು ಪುಡಿಮಾಡಿ ಕೊಟ್ಟರೆ ಆಯಿತಲ್ಲ?

ಊಟ ನಿಲ್ಲಿಸಿರುತ್ತಾರೆ, ಮಾತ್ರೆಯನ್ನು ಮಾತ್ರ ‘ಒಂದು ಗುಟುಕು ನೀರಲ್ಲಿ’ ನುಂಗಿಸಿರುತ್ತಾರೆ. ನಾನು ಬಹಳ ಕಡೆ ಕಂಡ ವಿಚಿತ್ರ ಇದು. ಬಾಯಿಂದ ಏನೂ ಬೇಡ ಎಂದರೆ ಮಾತ್ರೆಯೂ ಬೇಡ ಎಂದೇ ಅರ್ಥ. ಅವಧಿ ಹಿಡಿದು ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ, ಕರುಳಿನಲ್ಲಿ ಕರಗಲೆಂದು ಲೇಪನ ಇರುವ ಮಾತ್ರೆಗಳನ್ನು ಪುಡಿಮಾಡಬಾರದು. ಪುಡಿ ಮಾಡುವ ಮುನ್ನ ಫಾರ್ಮಸಿಸ್ಟ್‌ಗೆ ಕೇಳಿ, ದ್ರವರೂಪ ಅಥವಾ ಇಂಜೆಕ್ಷನ್ ಇದೆಯೇ ಎಂದು ವೈದ್ಯರಿಗೆ ಕೇಳಿ.

ನೀರನ್ನು ದಪ್ಪ ಮಾಡಿ ಕೊಡುವುದು ಸುರಕ್ಷಿತ ಎನ್ನುತ್ತಾರೆ. ನಾವೇ ಶುರು ಮಾಡಬಹುದೇ?

ಬೇಡ. ದಪ್ಪ ಮಾಡಿದ ದ್ರವ ನಿಧಾನಕ್ಕೆ ಹರಿಯುವುದರಿಂದ ಕೆಲವರಿಗೆ ಅನುಕೂಲ. ಆದರೆ ಗಂಟಲಿನ ಸ್ನಾಯು ಸೋತವರಲ್ಲಿ ಅದೇ ದ್ರವ ಕೆಳಗಿಳಿಯದೆ ಅಲ್ಲೇ ಮೆತ್ತಿಕೊಂಡು, ಆಮೇಲೆ ಉಸಿರಿನ ಜೊತೆ ಒಳಹೋಗಬಹುದು. ರುಚಿ ಹಿಡಿಸದೆ ಜನ ಕಡಿಮೆ ಕುಡಿಯುತ್ತಾರೆ, ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಯಾರಿಗೆ ಎಷ್ಟು ದಪ್ಪ ಎಂಬುದನ್ನು ಥೆರಪಿಸ್ಟ್ ಹೇಳಲಿ. ಹೇಳಿದ ಮೇಲೆ ‘ಸ್ವಲ್ಪ ದಪ್ಪ’ ಎಂದು ಬರೆಯಬೇಡಿ, ಅಂಕಿಯಲ್ಲಿ ಬರೆಯಿರಿ. ಇಡ್ಸಿ ಎಂಬ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 0ರಿಂದ 7ರವರೆಗೆ ಹಂತಗಳಿವೆ, ಪಾನೀಯಗಳು 0ರಿಂದ 4, ಆಹಾರ 3ರಿಂದ 7. 10 ಮಿಲಿಯ ಸಿರಿಂಜಿನಲ್ಲಿ ದ್ರವ ತುಂಬಿ 10 ಸೆಕೆಂಡು ಹರಿಯಬಿಟ್ಟು, ಎಷ್ಟು ಉಳಿಯಿತು ಎಂದು ನೋಡಿದರೆ ಪಾನೀಯದ ಹಂತ ಗೊತ್ತಾಗುತ್ತದೆ. ಇದನ್ನು ಮಾಡಲು ಎರಡು ನಿಮಿಷವೂ ಬೇಡ. ಗದ್ದವನ್ನು ಎದೆಗೆ ತಂದು ನುಂಗಿಸುವ ಉಪಾಯದ್ದೂ ಇದೇ ಕಥೆ, ಅದು ಎಲ್ಲರಿಗೂ ಹೊಂದುವುದಿಲ್ಲ.

ಹೈ-ಫ್ಲೋ ಆಕ್ಸಿಜನ್ ಇರುವಾಗ ಊಟ ಕೊಡಬಹುದೇ?

ಹೈ-ಫ್ಲೋ ಇದೆ ಎಂಬ ಒಂದೇ ಕಾರಣಕ್ಕೆ ಬೇಡ ಎನ್ನಲಾಗದು, ಇದ್ದರೂ ಪರವಾಗಿಲ್ಲ ಎಂದೂ ಹೇಳಲಾಗದು. ಮೂಗಿನಿಂದ ಜೋರಾಗಿ ಬರುವ ಗಾಳಿ ಕೆಲವರಲ್ಲಿ ನುಂಗುವ ಸಮಯವನ್ನು ತಪ್ಪಿಸಬಹುದು. ಅಷ್ಟು ಆಕ್ಸಿಜನ್ ಬೇಕಾದವರ ಶ್ವಾಸಕೋಶಕ್ಕೆ ಸಣ್ಣ ಆಸ್ಪಿರೇಷನ್ ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಒಬ್ಬೊಬ್ಬರನ್ನೂ ಬೇರೆಯಾಗಿ ನೋಡಿ ತೀರ್ಮಾನಿಸಬೇಕು. ಒತ್ತಡದಿಂದ ಗಾಳಿ ತಳ್ಳುವ ಬೈಪ್ಯಾಪ್ ಮಾಸ್ಕ್ ಹಾಕಿರುವಾಗ ಮಾತ್ರ ಬಾಯಿಗೆ ಏನೂ ಬೇಡ.

ಬಾಯಾರಿಕೆ ತಡೆಯಲಾರದೆ ಗೋಗರೆಯುತ್ತಾರೆ. ಏನು ಮಾಡುವುದು?

ಐಸಿಯುನಲ್ಲಿ ಬಾಯಾರಿಕೆ ನಿಜವಾದ ಯಾತನೆ. ‘ಡಾಕ್ಟರ್ ಬೇಡ ಅಂದಿದ್ದಾರೆ’ ಎಂದು ಹೇಳಿ ಹೊರಟುಹೋಗುವುದು ಉತ್ತರವಾಗದು. ಬಾಯಿ ಸ್ವಚ್ಛ ಮಾಡಿ, ಒದ್ದೆ ಸ್ಪಂಜಿನಿಂದ ನಾಲಿಗೆ, ಒಸಡು ಒರೆಸಿ, ತುಟಿಗೆ ತೇವ ಹಚ್ಚಿ. ಮತ್ತೆ ಎಷ್ಟು ಹೊತ್ತಿಗೆ ಪರೀಕ್ಷೆ ಮಾಡುತ್ತೀರೆಂದು ಅವರಿಗೆ ಹೇಳಿ, ಹೇಳಿದ ಹೊತ್ತಿಗೆ ಬನ್ನಿ.

ಬಾಯಿ ಸ್ವಚ್ಛತೆಯನ್ನು ಬರೀ ಸಮಾಧಾನದ ಕೆಲಸ ಎಂದುಕೊಳ್ಳಬೇಡಿ. ಉಗುಳು ಹಾದಿ ತಪ್ಪಿ ಶ್ವಾಸಕೋಶಕ್ಕೆ ಹೋದಾಗ ನ್ಯುಮೋನಿಯಾ ಆಗುವುದೋ ಇಲ್ಲವೋ ಎಂಬುದು ಆ ಉಗುಳಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇತ್ತು ಎಂಬುದನ್ನು ಬಹಳ ಮಟ್ಟಿಗೆ ಅವಲಂಬಿಸಿದೆ. ಟ್ಯೂಬ್ ಇರುವಾಗ ಶ್ರದ್ಧೆಯಿಂದ ನಡೆಯುವ ಬಾಯಿ ಶುಚಿ, ಟ್ಯೂಬ್ ತೆಗೆದ ದಿನವೇ ಚಾರ್ಟಿನಿಂದ ಮಾಯವಾಗುತ್ತದೆ. ಬೇಕಾಗುವುದೇ ಆಗ.

ಮನೆಯವರು ನಮಗೆ ಗೊತ್ತಿಲ್ಲದಂತೆ ನೀರು ಕೊಟ್ಟುಬಿಡುತ್ತಾರೆ.

ಪ್ರೀತಿಯಿಂದಲೇ ಕೊಡುತ್ತಾರೆ, ಗದರಿಸಿ ಪ್ರಯೋಜನವಿಲ್ಲ. ಅವರು ಭೇಟಿಗೆ ಬಂದ ಮೊದಲ ಐದು ನಿಮಿಷದಲ್ಲೇ ಹೇಳಿ: ‘ಅಮ್ಮನಿಗೆ ತುಂಬಾ ಬಾಯಾರಿದೆ ಅಂತ ನಮಗೂ ಗೊತ್ತು. ಇಷ್ಟು ದಿನ ಗಂಟಲಲ್ಲಿ ಟ್ಯೂಬ್ ಇತ್ತು, ಈಗ ನೀರು ಕೊಟ್ಟರೆ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಬಹುದು, ಅವರಿಗೆ ಕೆಮ್ಮೂ ಬರಲಿಕ್ಕಿಲ್ಲ. ನಾಳೆ ಬೆಳಿಗ್ಗೆ ಮತ್ತೆ ನೋಡುತ್ತೇವೆ. ಅಲ್ಲಿವರೆಗೆ ಈ ಸ್ಪಂಜಿನಿಂದ ನೀವೇ ತುಟಿ ಒರೆಸಿ.’ ಕೈಗೊಂದು ಕೆಲಸ ಕೊಟ್ಟರೆ ಕದ್ದು ನೀರು ಕೊಡುವುದು ಕಡಿಮೆಯಾಗುತ್ತದೆ. ಹಾಸಿಗೆಯ ತಲೆಯ ಬಳಿ ಕಾಣುವಂತೆ ಬೋರ್ಡ್ ಹಾಕಿ. ಬೋರ್ಡ್ ಮೇಲೆ ‘ಎನ್‌ಪಿಒ’ ಎಂದು ಬರೆದರೆ ಮನೆಯವರಿಗೆ ತಿಳಿಯುವುದಿಲ್ಲ, ‘ಬಾಯಿಂದ ನೀರು, ಊಟ, ಮಾತ್ರೆ ಬೇಡ’ ಎಂದೇ ಬರೆಯಿರಿ.

ಅಷ್ಟಕ್ಕೂ ಇದು ಯಾರ ಕೆಲಸ? ಸಿಬ್ಬಂದಿಗೆ ಏನು ಗೊತ್ತಿಲ್ಲ?

ನಾನು ಕಂಡ ಮಟ್ಟಿಗೆ ‘ಗೊತ್ತಿಲ್ಲ’ ಎಂಬುದು ಅರ್ಧ ಸತ್ಯ. ಟ್ಯೂಬ್ ಹೆಚ್ಚು ದಿನ ಇದ್ದರೆ ನುಂಗುವುದು ಕಷ್ಟ ಎಂದು ಕೇಳಿದರೆ ಬಹುಪಾಲು ನರ್ಸ್‌ಗಳು ಹೇಳುತ್ತಾರೆ. ಸದ್ದಿಲ್ಲದ ಆಸ್ಪಿರೇಷನ್ ಎಂದಾಗ ತಡವರಿಸುತ್ತಾರೆ. ಯಾವ ಪರೀಕ್ಷೆ, ಯಾರಿಗೆ ಮಾಡಬಾರದು, ಫೇಲ್ ಎಂದರೇನು ಎಂಬಲ್ಲಿ ಉತ್ತರಗಳು ಚದುರುತ್ತವೆ. ಐಸಿಯು ಬಿಟ್ಟ ಮೇಲೂ ತೊಂದರೆ ತಿಂಗಳುಗಟ್ಟಲೆ ಉಳಿಯಬಹುದು ಎಂಬುದು ಬಹಳ ಜನಕ್ಕೆ ಹೊಸ ಸುದ್ದಿ. ವೈದ್ಯರ ಸ್ಥಿತಿಯೂ ಹೆಚ್ಚು ಬೇರೆಯಿಲ್ಲ, ರೌಂಡ್ಸ್‌ನಲ್ಲಿ ‘ಸ್ಟಾರ್ಟ್ ಓರಲ್ಸ್’ (ಬಾಯಿಂದ ಕೊಡಲು ಶುರು ಮಾಡಿ) ಎಂಬ ಎರಡು ಪದ ಪರೀಕ್ಷೆಯಿಲ್ಲದೆ ಚಾರ್ಟಿಗೆ ಏರುವುದನ್ನು ಯಾರೂ ಪ್ರಶ್ನಿಸುವುದಿಲ್ಲ.

ಗೊತ್ತಿದ್ದದ್ದೂ ಕೆಲಸಕ್ಕೆ ಬಾರದಿರಲು ಕಾರಣ ಜವಾಬ್ದಾರಿ ಯಾರದೆಂದು ಬರೆದಿಲ್ಲದಿರುವುದು. ನರ್ಸ್ ವೈದ್ಯರು ನೋಡುತ್ತಾರೆಂದುಕೊಳ್ಳುತ್ತಾರೆ, ವೈದ್ಯರು ಥೆರಪಿಸ್ಟ್ ನೋಡುತ್ತಾರೆಂದುಕೊಳ್ಳುತ್ತಾರೆ, ಥೆರಪಿಸ್ಟ್‌ಗೆ ಯಾರೂ ಕರೆ ಮಾಡಿರುವುದಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ: ಮೊದಲ ತಪಾಸಣೆ ಹಾಸಿಗೆ ಪಕ್ಕದ ನರ್ಸ್‌ದು, ಅದಕ್ಕೆ ಬೇಕಾದ ತರಬೇತಿ ಮತ್ತು ‘ಇಲ್ಲ, ಇನ್ನೂ ಕೊಡಬಾರದು’ ಎನ್ನುವ ಅಧಿಕಾರ ಎರಡನ್ನೂ ಅವರಿಗೆ ಕೊಡಬೇಕು. ವಿವರವಾದ ಮೌಲ್ಯಮಾಪನ ಥೆರಪಿಸ್ಟ್‌ದು. ತಪಾಸಣೆಯ ದಾಖಲೆ ಇಲ್ಲದೆ ಆಹಾರದ ಆದೇಶ ಬರೆಯದಿರುವುದು ವೈದ್ಯರದು.

ನಮ್ಮ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಇಲ್ಲ.

ಹಾಗಾದರೆ ನರ್ಸ್ ತಪಾಸಣೆ ಇನ್ನೂ ಮುಖ್ಯ. ಫೇಲ್ ಆದವರಿಗೆ ರೈಲ್ಸ್ ಟ್ಯೂಬ್‌ನಲ್ಲಿ ಆಹಾರ ಮುಂದುವರಿಸಿ, ಬಾಯಿ ಶುಚಿ ಬಿಡದೆ ಮಾಡಿ, ದಿನವೂ ಮರುಪರೀಕ್ಷೆ ಮಾಡಿ. ದನಿ ಗೊಗ್ಗರಾಗಿಯೇ ಉಳಿದರೆ ಕಿವಿ-ಮೂಗು-ಗಂಟಲು ವೈದ್ಯರಿಂದ ಧ್ವನಿತಂತು ನೋಡಿಸಿ. ನುಂಗುವ ವ್ಯಾಯಾಮಗಳನ್ನು ವಿಡಿಯೋ ನೋಡಿ ನೀವೇ ಶುರು ಮಾಡಿಸಬೇಡಿ. ಗಂಟಲಿಗೆ ವಿದ್ಯುತ್ ಪ್ರಚೋದನೆ ಕೊಡುವ ಉಪಕರಣಗಳ ಬಗ್ಗೆಯೂ ಕೇಳುತ್ತಾರೆ. ಪಾರ್ಶ್ವವಾಯು ಆಗಿ ಟ್ರಾಕಿಯಾಸ್ಟಮಿ ಇದ್ದವರಲ್ಲಿ 2018ರ ಒಂದು ಪ್ರಯೋಗ ಒಳ್ಳೆಯ ಫಲ ತೋರಿಸಿತು, ಅದನ್ನು ಎಲ್ಲರಿಗೂ ಅನ್ವಯಿಸಲಾಗದು.

ತರಬೇತಿ ಕೊಟ್ಟೆವು, ಪರೀಕ್ಷೆಯಲ್ಲಿ ಎಲ್ಲರಿಗೂ ಒಳ್ಳೆಯ ಅಂಕ ಬಂತು. ಆದರೂ ಬದಲಾವಣೆ ಕಾಣುತ್ತಿಲ್ಲ.

ಉಪನ್ಯಾಸದ ಮುಂಚೆ ಒಂದು ಪ್ರಶ್ನೆಪತ್ರಿಕೆ, ಆಮೇಲೆ ಅದೇ ಪ್ರಶ್ನೆಪತ್ರಿಕೆ ಕೊಟ್ಟರೆ ಅಂಕ ಏರದೆ ಇರುತ್ತದೆಯೇ? ಅಳೆಯಬೇಕಾದದ್ದು ಚಾರ್ಟನ್ನು. ಕಳೆದ ತಿಂಗಳು 48 ಗಂಟೆ ದಾಟಿದ ಮೇಲೆ ಟ್ಯೂಬ್ ತೆಗೆದವರ ಕಡತಗಳನ್ನು ತೆಗೆಯಿರಿ. ಬಾಯಿಂದ ಮೊದಲು ಏನಾದರೂ ಕೊಡುವ ಮುನ್ನ ತಪಾಸಣೆಯ ಬರಹ ಎಷ್ಟು ಕಡತಗಳಲ್ಲಿದೆ? ಫೇಲ್ ಆದವರಲ್ಲಿ ಎಷ್ಟು ಜನರಿಗೆ ಮರುಪರೀಕ್ಷೆಯ ಸಮಯ ಬರೆದಿದೆ? ಈ ಎರಡು ಸಂಖ್ಯೆ ಸಾಕು.

ತರಬೇತಿಯೂ ಸ್ಲೈಡ್‌ಗಳಲ್ಲಿ ಮುಗಿಯಬಾರದು. ಸಿಬ್ಬಂದಿ ತಾವೇ 90 ಮಿಲಿ ನೀರನ್ನು ನಿಲ್ಲಿಸದೆ ಕುಡಿದು ನೋಡಲಿ, ಒರಗಿ ಮಲಗಿ ಒಂದು ಗುಟುಕು ನುಂಗಿ ನೋಡಲಿ, ದಪ್ಪ ಮಾಡಿದ ನೀರಿನ ರುಚಿ ನೋಡಲಿ. ಫೀಸ್ ಪರೀಕ್ಷೆಯ ಒಂದು ವಿಡಿಯೋದಲ್ಲಿ, ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದ ರೋಗಿಯ ಶ್ವಾಸನಾಳಕ್ಕೆ ನೀರು ಇಳಿಯುವುದನ್ನು ಒಮ್ಮೆ ನೋಡಿದವರು ‘ಕೆಮ್ಮಲಿಲ್ಲವಲ್ಲ’ ಎಂದು ಮತ್ತೆ ಹೇಳುವುದು ಕಡಿಮೆ.

ವಾರ್ಡ್‌ಗೆ ಕಳಿಸಿದ ಮೇಲೆ ಇದು ತಾನಾಗಿಯೇ ಸರಿಹೋಗುತ್ತದೆ ಅಲ್ಲವೇ?

ಹಲವರಿಗೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಎಲ್ಲರಿಗೂ ಅಲ್ಲ. ತೀವ್ರ ಶ್ವಾಸಕೋಶ ವೈಫಲ್ಯದಿಂದ ಬದುಕಿ ಬಂದವರನ್ನು 5 ವರ್ಷ ಹಿಂಬಾಲಿಸಿದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಬ್ಬರು ಆಸ್ಪತ್ರೆ ಬಿಡುವಾಗ ನುಂಗುವ ತೊಂದರೆ ಹೇಳಿಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಜನ ಸುಮಾರು 3 ತಿಂಗಳಲ್ಲಿ ಚೇತರಿಸಿಕೊಂಡರು, ಹೆಚ್ಚುಕಡಿಮೆ ಕಾಲುಭಾಗದವರಿಗೆ 6 ತಿಂಗಳು ದಾಟಿತು.

ಆದ್ದರಿಂದ ಹ್ಯಾಂಡೋವರ್‌ನಲ್ಲಿ ‘ಓರಲ್ಸ್ ಟಾಲರೇಟಿಂಗ್’ (ಬಾಯಿಂದ ಕೊಟ್ಟದ್ದು ಒಗ್ಗುತ್ತಿದೆ) ಎಂದಷ್ಟೇ ಬರೆದು ಕಳಿಸಬೇಡಿ. ಹೀಗೆ ಬರೆಯಿರಿ: ‘6 ದಿನ ಟ್ಯೂಬ್ ಇತ್ತು, ನಿನ್ನೆ ಸಂಜೆ ತೆಗೆದದ್ದು. ದನಿ ಗೊಗ್ಗರು. ಇವತ್ತು ಬೆಳಿಗ್ಗೆ ನೀರಿನ ಪರೀಕ್ಷೆ ಫೇಲ್, ಕುಡಿದ ಕೂಡಲೇ ಕೆಮ್ಮು. ಬಾಯಿಂದ ಏನೂ ಇಲ್ಲ, ಮಾತ್ರೆಯೂ ಇಲ್ಲ. ರೈಲ್ಸ್ ಟ್ಯೂಬ್ ಫೀಡ್ ನಡೆಯುತ್ತಿದೆ. ನಾಳೆ ಬೆಳಿಗ್ಗೆ ಮರುಪರೀಕ್ಷೆ, ಥೆರಪಿಸ್ಟ್‌ಗೆ ತಿಳಿಸಿದೆ. ಮನೆಯವರಿಗೆ ಹೇಳಿದೆ.’ ವಾರ್ಡಿನ ಸಿಸ್ಟರ್‌ಗೆ ಫೋನ್ ಮಾಡಿ ಇದನ್ನೇ ಬಾಯಲ್ಲೂ ಹೇಳಿ, ಊಟದ ಟ್ರೇ ಸಾಮಾನ್ಯವಾಗಿ ಕಡತಕ್ಕಿಂತ ಮೊದಲು ಹಾಸಿಗೆ ತಲುಪುತ್ತದೆ.